ಹಣ ಕಟ್ ಆಗಿದೆ, ಸ್ಲಿಪ್ ಬಂದಿಲ್ಲ: ಹೋಟೆಲಿನ ಕಾರ್ಡ್ ಮಷಿನಿನ ತೊಂದರೆಯನ್ನು ಹುಡುಕುವ ಬಗೆ

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದೊಂದು ಫ್ಯಾಮಿಲಿ ರೆಸ್ಟೋರೆಂಟ್ ಇದೆ. ಕಾರ್ಡ್ ಮಷಿನನ್ನು ಬಿಲ್ಲಿಂಗ್ ಕಂಪ್ಯೂಟರಿಗೆ ಜೋಡಿಸಿದ್ದೇವೆ. ವಾರದ ದಿನಗಳಲ್ಲಿ ತೊಂದರೆ ಕಡಿಮೆ. ಶನಿವಾರ, ಭಾನುವಾರ ರಾತ್ರಿ ಮಾತ್ರ ಪದೇ ಪದೇ ಪಾವತಿ ಅರ್ಧಕ್ಕೆ ನಿಲ್ಲುತ್ತದೆ. ಗ್ರಾಹಕರ ಮೊಬೈಲಿಗೆ ಹಣ ಕಟ್ ಆದ ಸಂದೇಶ ಬರುತ್ತದೆ, ಮಷಿನಿನಿಂದ ಸ್ಲಿಪ್ ಬರುವುದಿಲ್ಲ, ಬಿಲ್ ಬಾಕಿ ಎಂದೇ ತೋರಿಸುತ್ತದೆ. ಇನ್ನೊಮ್ಮೆ ಕಾರ್ಡ್ ಹಾಕಿಸಿದಾಗ ಎರಡು ಸಲ ಹಣ ಹೋಗಿ ಜಗಳವಾದದ್ದೂ ಉಂಟು. ಬ್ಯಾಂಕಿಗೆ ಜಮೆಯಾಗುವ ಮೊತ್ತವೂ ನಮ್ಮ ಲೆಕ್ಕಕ್ಕೆ ಹೊಂದುತ್ತಿಲ್ಲ. ಬ್ಯಾಂಕಿನವರು ಇಂಟರ್ನೆಟ್ ಸರಿಯಿಲ್ಲ ಎನ್ನುತ್ತಾರೆ, ಇಂಟರ್ನೆಟ್‌ನವರು ಮಷಿನ್ ಸರಿಯಿಲ್ಲ ಎನ್ನುತ್ತಾರೆ, ಸಾಫ್ಟ್‌ವೇರ್‌ನವರು ಬ್ಯಾಂಕನ್ನು ಕೇಳಿ ಎನ್ನುತ್ತಾರೆ. ವ್ಯತ್ಯಾಸದ ಹಣವನ್ನು ಕ್ಯಾಷಿಯರ್ ಸಂಬಳದಲ್ಲಿ ಹಿಡಿಯುವುದೇ ಎಂಬ ಮಾತೂ ಮನೆಯಲ್ಲಿ ನಡೆದಿದೆ. ಎಲ್ಲಿಂದ ಹುಡುಕಬೇಕು?

ಉತ್ತರ: ಮೊದಲಿಗೆ ಇವತ್ತಿನಿಂದಲೇ ಜಾರಿಗೆ ತರಬೇಕಾದ ಒಂದು ನಿಯಮವನ್ನು ಹೇಳಿ, ಆಮೇಲೆ ಕಾರಣಗಳಿಗೆ ಬರುತ್ತೇನೆ. ಸ್ಲಿಪ್ ಬರದೆ ನಿಂತ ಪಾವತಿಯ ಸ್ಥಿತಿ ಏನೆಂದು ಮಷಿನಿನಲ್ಲಿಯೋ ಬ್ಯಾಂಕಿನ ವರ್ತಕರ ಆ್ಯಪ್‌ನಲ್ಲಿಯೋ ನೋಡಿ ಖಚಿತಪಡಿಸಿಕೊಳ್ಳುವ ತನಕ ಅದೇ ಬಿಲ್ಲಿಗೆ ಎರಡನೆಯ ಬಾರಿ ಕಾರ್ಡ್ ಹಾಕಿಸಬೇಡಿ. ನಿಮ್ಮಲ್ಲಿ ನಡೆದ ಜಗಳಗಳಲ್ಲಿ ಹೆಚ್ಚಿನವು ಮೊದಲನೆಯ ವಿಫಲತೆಯಿಂದ ಹುಟ್ಟಿದವಲ್ಲ, ಅವಸರದ ಎರಡನೆಯ ಪ್ರಯತ್ನದಿಂದ ಹುಟ್ಟಿದವು.

ಕಾರ್ಡ್ ಪಾವತಿಗೆ ಆಯಿತು, ಆಗಲಿಲ್ಲ ಎಂಬ ಎರಡೇ ಫಲಿತಾಂಶಗಳಿವೆ ಎಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಮೂರನೆಯದೊಂದು ಇದೆ. ಅದು ‘ಗೊತ್ತಿಲ್ಲ’ ಎಂಬುದು. ಮಷಿನಿನಿಂದ ಹೊರಟ ಕೋರಿಕೆ ಮಷಿನ್ ಕೊಟ್ಟ ಬ್ಯಾಂಕಿಗೆ ಹೋಗಿ, ಅಲ್ಲಿಂದ ವೀಸಾ, ಮಾಸ್ಟರ್‌ಕಾರ್ಡ್ ಅಥವಾ ರುಪೇ ಜಾಲದ ಮೂಲಕ ಕಾರ್ಡ್ ಕೊಟ್ಟ ಬ್ಯಾಂಕನ್ನು ಮುಟ್ಟಿ, ಉತ್ತರವು ಅದೇ ದಾರಿಯಲ್ಲಿ ಹಿಂದಿರುಗಬೇಕು. ಹೋಗುವಾಗಲೇ ದಾರಿ ಕಡಿದರೆ ಹಣಕ್ಕೆ ಏನೂ ಆಗಿರುವುದಿಲ್ಲ. ಕಾರ್ಡ್ ಕೊಟ್ಟ ಬ್ಯಾಂಕು ಒಪ್ಪಿ, ಗ್ರಾಹಕರಿಗೆ ಸಂದೇಶ ಕಳುಹಿಸಿದ ಮೇಲೆ ಉತ್ತರವು ನಿಮ್ಮ ಮಷಿನಿಗೆ ಬರುವಾಗ ದಾರಿ ಕಡಿದರೆ ನೀವು ವಿವರಿಸಿರುವ ಪರಿಸ್ಥಿತಿಯೇ ಉಂಟಾಗುತ್ತದೆ. ಇಂಥ ವೇಳೆಗೆಂದೇ ಮಷಿನಿನಲ್ಲಿ ರಿವರ್ಸಲ್ ಎಂಬ ಏರ್ಪಾಡು ಇದೆ. ಉತ್ತರ ಬಾರದಿದ್ದಾಗ ಮಷಿನು ‘ಆ ವ್ಯವಹಾರವನ್ನು ರದ್ದು ಮಾಡಿ’ ಎಂಬ ಸಂದೇಶವನ್ನು ತನ್ನಲ್ಲಿ ಉಳಿಸಿಕೊಂಡು, ಸಂಪರ್ಕ ಮರಳಿದಾಗ, ಸಾಮಾನ್ಯವಾಗಿ ಮುಂದಿನ ವ್ಯವಹಾರಕ್ಕಿಂತ ಮೊದಲು, ಬ್ಯಾಂಕಿಗೆ ಕಳುಹಿಸುತ್ತದೆ. ಆದ್ದರಿಂದ ಮಷಿನ್ ಯೋಚಿಸುತ್ತಾ ನಿಂತಾಗ ಬ್ಯಾಟರಿ ತೆಗೆದು ಹಾಕುವ ಅಭ್ಯಾಸವನ್ನು ನಿಮ್ಮ ಸಿಬ್ಬಂದಿ ಬಿಡಬೇಕು. ಹಾಗೆ ಮಾಡಿದರೆ ರಿವರ್ಸಲ್ ತಡವಾಗುತ್ತದೆ, ಕೆಲವೊಮ್ಮೆ ಹೋಗದೆಯೂ ಉಳಿಯಬಹುದು, ಅಷ್ಟು ಕಾಲ ಗ್ರಾಹಕರ ಹಣ ಸಿಕ್ಕಿಕೊಂಡಿರುತ್ತದೆ.

ಇದರ ಜೊತೆಗೆ ಹೆಚ್ಚು ಜನ ಗಮನಿಸದ ಇನ್ನೊಂದು ಕಾರಣವಿದೆ. ಚಿಪ್ ಇರುವ ಕಾರ್ಡನ್ನು ಮಷಿನಿನೊಳಗೆ ತೂರಿಸಿ ಪಿನ್ ಒತ್ತಿದಾಗ ಬ್ಯಾಂಕಿನ ಒಪ್ಪಿಗೆ ಬಂದೊಡನೆ ಕೆಲಸ ಮುಗಿಯುವುದಿಲ್ಲ. ಆ ಒಪ್ಪಿಗೆಯನ್ನು ಮಷಿನು ಮತ್ತೆ ಚಿಪ್ಪಿನ ಮುಂದಿಟ್ಟು, ಚಿಪ್ ಕೊನೆಯ ಸಮ್ಮತಿ ಕೊಟ್ಟ ನಂತರವೇ ಸ್ಲಿಪ್ ಮುದ್ರಿಸುತ್ತದೆ. ಗ್ರಾಹಕರು ಮೊಬೈಲಿನಲ್ಲಿ ಸಂದೇಶ ಕಂಡ ಕ್ಷಣವೇ ಕಾರ್ಡನ್ನು ಎಳೆದುಕೊಂಡರೆ, ಅಥವಾ ಅವಸರದಲ್ಲಿರುವ ಸಪ್ಲೈಯರ್ ಎಳೆದುಕೊಟ್ಟರೆ, ಬ್ಯಾಂಕು ಒಪ್ಪಿದ್ದರೂ ಮಷಿನು ವ್ಯವಹಾರವನ್ನು ವಿಫಲವೆಂದು ಪರಿಗಣಿಸಿ ರಿವರ್ಸಲ್ ಕಳುಹಿಸುತ್ತದೆ. ರಶ್ ಇರುವ ರಾತ್ರಿಗಳಲ್ಲಿ ಮಾತ್ರ ತೊಂದರೆ ಎಂದು ನೀವು ಬರೆದಿರುವುದರಿಂದ ಈ ಸಾಧ್ಯತೆಯನ್ನು ಮೊದಲು ಪರಿಶೀಲಿಸಿ. ‘ಕಾರ್ಡ್ ತೆಗೆಯಿರಿ’ ಎಂಬ ಸೂಚನೆ ಪರದೆಯ ಮೇಲೆ ಬರುವವರೆಗೂ ಕಾರ್ಡ್ ಮುಟ್ಟಬಾರದು ಎಂದು ಸಪ್ಲೈಯರ್‌ಗಳಿಗೆ ತಿಳಿಸುವುದಕ್ಕೆ ಖರ್ಚೇನೂ ಇಲ್ಲ. ಕಾರ್ಡನ್ನು ಮಷಿನಿಗೆ ತಾಗಿಸಿ ಮಾಡುವ ಪಾವತಿಯಲ್ಲಿ ಈ ತೊಂದರೆ ಇರುವುದಿಲ್ಲ. ಬೀಪ್ ಸದ್ದಾದ ಮೇಲೆ ಕಾರ್ಡ್ ಹಿಂದಕ್ಕೆ ತೆಗೆಯಬಹುದು. ಪಿನ್ ಇಲ್ಲದೆ ಹಾಗೆ ಪಾವತಿಸುವ ಮಿತಿಯನ್ನು ರಿಸರ್ವ್ ಬ್ಯಾಂಕ್ 2021ರ ಜನವರಿ 1ರಿಂದ 2,000 ರೂಪಾಯಿಯಿಂದ 5,000 ರೂಪಾಯಿಗೆ ಏರಿಸಿರುವುದರಿಂದ, ಒಂದು ಕುಟುಂಬದ ಊಟದ ಬಿಲ್ಲು ಸಾಮಾನ್ಯವಾಗಿ ಅದರೊಳಗೇ ಮುಗಿಯುತ್ತದೆ.

ಇನ್ನು ತೊಂದರೆ ಯಾವ ಹಂತದಲ್ಲಿದೆ ಎಂದು ಗುರುತಿಸುವ ಬಗೆ. ಮೂವರೂ ಒಬ್ಬರ ಮೇಲೊಬ್ಬರು ಹೇಳುತ್ತಿರುವುದು ನಿಮ್ಮ ಕೈಯಲ್ಲಿ ದಾಖಲೆ ಇಲ್ಲದಿರುವುದರಿಂದ. ಕ್ಯಾಷ್ ಕೌಂಟರಿನಲ್ಲಿ ಒಂದು ನೋಟ್‌ಬುಕ್ ಇಡಿ. ಪಾವತಿ ನಿಂತಾಗಲೆಲ್ಲ ಸಮಯ, ಬಿಲ್ ಸಂಖ್ಯೆ, ಮೊತ್ತ, ಯಾವ ಟೇಬಲ್ಲು, ಯಾವ ಮಷಿನು, ಅದು ವೈಫೈನಲ್ಲಿತ್ತೋ ಸಿಮ್‌ನಲ್ಲಿತ್ತೋ, ಪರದೆಯ ಮೇಲೆ ಬಂದ ಸಂದೇಶ ಅಥವಾ ಸಂಖ್ಯೆ ಏನು, ಕಾರ್ಡ್ ಯಾವ ಬ್ಯಾಂಕಿನದು ಎಂಬುದನ್ನು ಬರೆಯಲಿ. ಎರಡು ವಾರಾಂತ್ಯಗಳ ಬರಹ ಮುಂದಿದ್ದರೆ ಕಾರಣ ಬಹುಮಟ್ಟಿಗೆ ತಾನಾಗಿಯೇ ಕಾಣುತ್ತದೆ. ಒಳಗಿನ ಎಸಿ ಹಾಲಿನ ಟೇಬಲ್ಲುಗಳಲ್ಲಿ ಮಾತ್ರ ನಿಲ್ಲುತ್ತಿದ್ದರೆ ಸಿಗ್ನಲ್ ಕಾರಣ. ಎರಡು ಮಷಿನುಗಳಿದ್ದು ಒಂದೇ ನಿಲ್ಲುತ್ತಿದ್ದರೆ ಆ ಮಷಿನು ಕಾರಣ. ಒಂದೇ ಬ್ಯಾಂಕಿನ ಕಾರ್ಡುಗಳು ನಿಲ್ಲುತ್ತಿದ್ದರೆ ಆ ಬ್ಯಾಂಕಿನ ಸರ್ವರ್ ಕಾರಣ, ನಿಮ್ಮ ಹೋಟೆಲಿನಲ್ಲಿ ಯಾವ ದೋಷವೂ ಇಲ್ಲ. ಕರೆಂಟ್ ಹೋಗಿ ಬಂದ ಮೇಲೆ ಮಾತ್ರ ತೊಂದರೆ ಶುರುವಾಗುತ್ತಿದ್ದರೆ ರೂಟರ್ ಮತ್ತು ಕಂಪ್ಯೂಟರಿನ ನಡುವಿನ ಜೋಡಣೆಯನ್ನು ನೋಡಬೇಕು.

ಪರದೆಯ ಮೇಲೆ ಬರುವ ಎರಡಂಕಿಯ ಸಂಖ್ಯೆಗಳನ್ನು ಕ್ಯಾಷಿಯರ್ ಅರಿತಿದ್ದರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ. 51 ಎಂದರೆ ಖಾತೆಯಲ್ಲಿ ಹಣ ಅಥವಾ ಮಿತಿ ಸಾಲದು, 54 ಎಂದರೆ ಕಾರ್ಡಿನ ಅವಧಿ ಮುಗಿದಿದೆ, 55 ಎಂದರೆ ಪಿನ್ ತಪ್ಪು, 75 ಎಂದರೆ ತಪ್ಪು ಪಿನ್ ಒತ್ತಿದ ಸಂಖ್ಯೆ ಮಿತಿ ಮೀರಿದೆ. 05 ಬಂದಾಗ ಕಾರ್ಡ್ ಕೊಟ್ಟ ಬ್ಯಾಂಕು ಕಾರಣ ತಿಳಿಸದೆ ನಿರಾಕರಿಸಿದೆ ಎಂದರ್ಥ, ಆಗ ಮತ್ತೆ ಮತ್ತೆ ಪ್ರಯತ್ನಿಸಿ ಪ್ರಯೋಜನವಿಲ್ಲ. 57 ಬಂದರೆ ಆ ಬಗೆಯ ವ್ಯವಹಾರಕ್ಕೆ ಆ ಕಾರ್ಡಿನಲ್ಲಿ ಅನುಮತಿ ಇಲ್ಲ. 2020ರ ಅಕ್ಟೋಬರ್‌ನಿಂದ ಜಾರಿಗೆ ಬಂದ ನಿಯಮದಂತೆ ಹೊಸ ಕಾರ್ಡುಗಳಲ್ಲಿ ತಾಗಿಸಿ ಪಾವತಿಸುವ ಸೌಲಭ್ಯವನ್ನು ಗ್ರಾಹಕರೇ ತೆರೆದುಕೊಳ್ಳಬೇಕಾದ್ದರಿಂದ, ತಾಗಿಸಿದಾಗ ನಿರಾಕರಣೆಯಾದ ಕಾರ್ಡು ಒಳಗೆ ತೂರಿಸಿ ಪಿನ್ ಒತ್ತಿದರೆ ಕೆಲಸ ಮಾಡಬಹುದು. ಇವೆಲ್ಲವೂ ಗ್ರಾಹಕರ ಬ್ಯಾಂಕಿನಿಂದ ಬಂದ ಸ್ಪಷ್ಟ ಉತ್ತರಗಳು; ಉತ್ತರ ಬಂದಿದೆ ಎಂದರೆ ನಿಮ್ಮ ಇಂಟರ್ನೆಟ್ಟು ಆ ಕ್ಷಣದಲ್ಲಿ ಸರಿಯಾಗಿತ್ತು ಎಂದೇ ಅರ್ಥ. ‘ನಿಮ್ಮ ಕಾರ್ಡಿನಲ್ಲಿ ಹಣವಿಲ್ಲ’ ಎಂದು ಹತ್ತು ಜನರೆದುರು ಸಪ್ಲೈಯರ್ ಹೇಳದಿರಲಿ. ‘ಬ್ಯಾಂಕಿನಿಂದ ಒಪ್ಪಿಗೆ ಬರುತ್ತಿಲ್ಲ, ಬೇರೆ ಕಾರ್ಡ್ ಅಥವಾ ಯುಪಿಐ ಇದೆಯೇ’ ಎಂದು ಕೇಳಿದರೆ ಸಾಕು. 91 ಬಂದಾಗ ಕಾರ್ಡ್ ಕೊಟ್ಟ ಬ್ಯಾಂಕಿನ ವ್ಯವಸ್ಥೆ ಉತ್ತರಿಸುತ್ತಿಲ್ಲ. ಎಲ್ಲ ಬ್ಯಾಂಕುಗಳ ಕಾರ್ಡಿಗೂ ಅದೇ ಬರುತ್ತಿದ್ದರೆ ಮಷಿನ್ ಕೊಟ್ಟ ಬ್ಯಾಂಕಿನ ಕಡೆಯೇ ತೊಂದರೆ ಇರುವ ಸಾಧ್ಯತೆ ಹೆಚ್ಚು. 03 ಅಥವಾ 58 ಬಂದರೆ ಬ್ಯಾಂಕು ನಿಮಗೆ ಕೊಟ್ಟ ವರ್ತಕ ಸಂಖ್ಯೆ ಅಥವಾ ಮಷಿನಿನ ನೋಂದಣಿಯನ್ನು ಬ್ಯಾಂಕಿನವರೇ ಸರಿಪಡಿಸಬೇಕು, ನೀವು ಮಾಡುವಂಥದ್ದೇನೂ ಇಲ್ಲ.

ಸಂಖ್ಯೆಯೇ ಬರದೆ ‘ಸಂಪರ್ಕವಿಲ್ಲ’ ಎಂದೋ ‘ಸಮಯ ಮೀರಿದೆ’ ಎಂದೋ ಬಂದರೆ ಅದು ದಾರಿಯ ತೊಂದರೆ. ವಾರಾಂತ್ಯಕ್ಕೆ ಮಾತ್ರ ಸೀಮಿತವಾಗಿರುವ ನಿಮ್ಮ ತೊಂದರೆಯ ಬಹುಪಾಲು ಇಲ್ಲಿಯೇ ಇರಬಹುದೆಂದು ನನ್ನ ಊಹೆ. ಊಟಕ್ಕೆ ಬಂದವರಿಗೆ ಕೊಡುವ ವೈಫೈಯನ್ನೇ ಕಾರ್ಡ್ ಮಷಿನೂ ಬಿಲ್ಲಿಂಗ್ ಕಂಪ್ಯೂಟರೂ ಬಳಸುತ್ತಿದ್ದರೆ, ಹಾಲ್ ತುಂಬಿದಾಗ ಹತ್ತಾರು ಮೊಬೈಲುಗಳ ವಿಡಿಯೋಗಳ ನಡುವೆ ನಿಮ್ಮ ಪುಟ್ಟ ಪಾವತಿ ಸಂದೇಶವೂ ಸರದಿ ಕಾಯುತ್ತದೆ. ಗ್ರಾಹಕರ ವೈಫೈಯನ್ನು ಬೇರೆ ಹೆಸರಿನಲ್ಲಿ ಬೇರ್ಪಡಿಸಿ, ಅದರ ವೇಗಕ್ಕೆ ಮಿತಿ ಹಾಕಿಸಿ. ಸುರಕ್ಷತೆಯ ದೃಷ್ಟಿಯಿಂದಲೂ ಅದು ಅಗತ್ಯ; ಅಪರಿಚಿತರ ಮೊಬೈಲುಗಳಿರುವ ಜಾಲದಲ್ಲಿ ಹಣದ ಯಂತ್ರಗಳು ಇರಲೇಬಾರದು. ಅಡುಗೆಮನೆಯ ಮೈಕ್ರೋವೇವ್ ಓವನ್ ಕೆಲಸ ಮಾಡುವುದು 2.4 ಗಿಗಾಹರ್ಟ್ಸ್ ಆವರ್ತದಲ್ಲಿ, ಹಳೆಯ ವೈಫೈ ಕೂಡ ಅದರಲ್ಲೇ. ಹೋಟೆಲಿನ ರೂಟರು ಅಡುಗೆಮನೆಯ ಗೋಡೆಗೆ ತಾಗಿ, ಸ್ಟೀಲ್ ರ್‍ಯಾಕಿನ ಮೇಲೆ ಕುಳಿತಿದ್ದರೆ ಅದನ್ನು ಅಲ್ಲಿಂದ ಎತ್ತಿ ಹಾಲಿನ ಕಡೆಗೆ, ತಲೆಗಿಂತ ಎತ್ತರದಲ್ಲಿ ಇರಿಸಿ. ಮಷಿನು 5 ಗಿಗಾಹರ್ಟ್ಸ್ ವೈಫೈ ಹಿಡಿಯಬಲ್ಲುದಾದರೆ ಅದಕ್ಕೆ ಬದಲಿಸಿ; ಆದರೆ ಆ ಸಿಗ್ನಲ್ ಗೋಡೆ ದಾಟುವುದು ಕಡಿಮೆಯಾದ್ದರಿಂದ ಒಳಹಾಲಿಗೆ ಇನ್ನೊಂದು ವೈಫೈ ಪೆಟ್ಟಿಗೆ ಬೇಕಾಗಬಹುದು. ಕೌಂಟರಿನಲ್ಲೇ ಇರುವ ಮಷಿನಿಗೆ ಕೇಬಲ್ ಜೋಡಿಸುವ ಕಿಂಡಿ ಇದ್ದರೆ ವೈಫೈಯನ್ನೇ ಬಿಟ್ಟು ಕೇಬಲ್ ಹಾಕಿಸಿ. ಟೇಬಲ್ಲಿಗೆ ಒಯ್ಯುವ ಮಷಿನಿನಲ್ಲಿ ಸಿಮ್ ಇರಲಿ, ಆ ಸಿಮ್ ನಿಮ್ಮ ಇಂಟರ್ನೆಟ್ ಕಂಪನಿಯದಲ್ಲದೆ ಬೇರೆಯದಾಗಿರಲಿ. ರೂಟರಿಗೂ ಫೈಬರ್ ಪೆಟ್ಟಿಗೆಗೂ ಯುಪಿಎಸ್ ಕೊಡಿಸಿ, ಏಕೆಂದರೆ ಜನರೇಟರ್ ಹತ್ತುವ ಆ ಕೆಲವು ಸೆಕೆಂಡುಗಳ ಕತ್ತಲೆಯಲ್ಲಿ ರೂಟರ್ ಆರಿದರೆ ಅದು ಮತ್ತೆ ಪೂರ್ತಿ ಸಿದ್ಧವಾಗಲು ನಿಮಿಷಗಳು ಬೇಕು.

ಪರೀಕ್ಷಿಸುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಒಂದು ವಾರಾಂತ್ಯ ಪೂರ್ತಿ ಮಷಿನನ್ನು ಸಿಮ್‌ನಲ್ಲೇ ಓಡಿಸಿ ನೋಡಿ. ತೊಂದರೆ ಮಾಯವಾದರೆ ವೈಫೈ ಅಥವಾ ಅದರ ಹಿಂದಿನ ಇಂಟರ್ನೆಟ್ಟು ತಪ್ಪಿತಸ್ಥ ಎಂಬುದು ಬಹುತೇಕ ಖಚಿತ, ಉಳಿದರೆ ಬೇರೆಡೆ ಹುಡುಕಬೇಕು. ರೂಟರ್, ಸಿಮ್, ಮಷಿನ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ತೊಂದರೆ ಹೋದರೂ ಏಕೆ ಹೋಯಿತೆಂದು ತಿಳಿಯದೆ, ಅದು ಮರಳಿದಾಗ ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ಮಷಿನಿನಲ್ಲಿ ಪಾವತಿ ಯಶಸ್ವಿಯಾಗಿ, ಸ್ಲಿಪ್ಪೂ ಬಂದು, ಬಿಲ್ ಮಾತ್ರ ಬಾಕಿ ಎಂದು ತೋರಿಸಿದರೆ ಬ್ಯಾಂಕಿಗೂ ಇಂಟರ್ನೆಟ್ಟಿಗೂ ಸಂಬಂಧವಿಲ್ಲ. ಅದು ಬಿಲ್ಲಿಂಗ್ ಸಾಫ್ಟ್‌ವೇರ್ ಮತ್ತು ಮಷಿನಿನ ನಡುವಿನ ವಿಷಯ, ಇಲ್ಲಿ ಎರಡು ಕಾರಣಗಳು ಮತ್ತೆ ಮತ್ತೆ ಎದುರಾಗುತ್ತವೆ. ಮೊದಲನೆಯದು ವಿಳಾಸ. ರೂಟರು ಆರಿ ಹತ್ತಿದಾಗ ಮಷಿನಿಗೆ ಹೊಸ ಐಪಿ ವಿಳಾಸ (ಜಾಲದೊಳಗೆ ಅದನ್ನು ಗುರುತಿಸುವ ಸಂಖ್ಯೆ) ಸಿಕ್ಕಿರುತ್ತದೆ, ಕಂಪ್ಯೂಟರು ಹಳೆಯ ವಿಳಾಸಕ್ಕೇ ಬಿಲ್ಲಿನ ಮೊತ್ತ ಕಳುಹಿಸುತ್ತಿರುತ್ತದೆ. ರೂಟರಿನಲ್ಲಿ ಆ ಮಷಿನಿಗೆ ಒಂದೇ ವಿಳಾಸವನ್ನು ಕಾಯಂ ಮಾಡಿಸಿದರೆ ಇದು ಮುಗಿಯಿತು, ಇಂಟರ್ನೆಟ್ ಹಾಕಿಕೊಟ್ಟ ಹುಡುಗನೇ ಮಾಡಿಕೊಡಬಲ್ಲ ಕೆಲಸ. ಎರಡನೆಯದು ಕಾಯುವ ಅವಧಿ. ಉದಾಹರಣೆಗೆ, ಬಿಲ್ಲಿಂಗ್ ಸಾಫ್ಟ್‌ವೇರು 45 ಸೆಕೆಂಡು ಕಾದು ಕೈಬಿಡುವಂತೆ ಹೊಂದಿಸಿದ್ದು, ಮಷಿನು 60 ಸೆಕೆಂಡಿನವರೆಗೆ ಬ್ಯಾಂಕಿನ ಉತ್ತರಕ್ಕೆ ಕಾಯುತ್ತದೆ ಎನ್ನಿ. ಅಜ್ಜನೊಬ್ಬರು ನಿಧಾನವಾಗಿ ಪಿನ್ ಒತ್ತಿ, ಉತ್ತರ 50ನೆಯ ಸೆಕೆಂಡಿಗೆ ಬಂದರೆ, ಮಷಿನಿನಲ್ಲಿ ಪಾವತಿ ಆಗಿರುತ್ತದೆ, ಕಂಪ್ಯೂಟರು ವಿಫಲವೆಂದು ಬರೆದುಕೊಂಡಿರುತ್ತದೆ. ಇದನ್ನು ನಂಬಿ ಕ್ಯಾಷಿಯರ್ ಮತ್ತೆ ಕಾರ್ಡ್ ಕೇಳಿದರೆ ಹಣ ಎರಡು ಸಲ ಹೋಗುತ್ತದೆ, ಎರಡೂ ನಿಜವಾದ ವ್ಯವಹಾರಗಳೇ ಆಗಿರುವುದರಿಂದ ರಿವರ್ಸಲ್ ತಾನಾಗಿ ಆಗುವುದಿಲ್ಲ. ಸಾಫ್ಟ್‌ವೇರ್‌ನವರಿಗೆ ಎರಡು ಕೆಲಸ ಹೇಳಿ. ಕಂಪ್ಯೂಟರಿನ ಕಾಯುವ ಅವಧಿ ಮಷಿನಿನದಕ್ಕಿಂತ ಹೆಚ್ಚಿರಬೇಕು. ಅವಧಿ ಮೀರಿದಾಗ ‘ವಿಫಲ’ ಎಂದು ಬರೆಯದೆ, ಆ ಬಿಲ್ಲಿನ ಗುರುತಿನ ಸಂಖ್ಯೆ ಹಿಡಿದು ಮಷಿನಿನಿಂದ ಸ್ಥಿತಿಯನ್ನು ಕೇಳಿ ಪಡೆಯಬೇಕು. ಈ ಎರಡನೆಯದನ್ನು ಮಾಡಲಾಗದು ಎನ್ನುವ ಬಿಲ್ಲಿಂಗ್ ಸಾಫ್ಟ್‌ವೇರನ್ನು ಹೋಟೆಲಿನಲ್ಲಿ ಇಟ್ಟುಕೊಳ್ಳಬಾರದೆಂಬುದು ನನ್ನ ದೃಢ ಅಭಿಪ್ರಾಯ.

ಕಂಪ್ಯೂಟರ್ ಹಳೆಯದಾಗಿದ್ದರೆ ಅದರ ಗಡಿಯಾರವನ್ನೂ ನೋಡಿ. ಒಳಗಿರುವ ನಾಣ್ಯದಾಕಾರದ ಬ್ಯಾಟರಿ ಸತ್ತಿದ್ದರೆ, ಕರೆಂಟ್ ಹೋದಾಗಲೆಲ್ಲ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಪಾವತಿ ಸರ್ವರಿನ ಸುರಕ್ಷತಾ ಪ್ರಮಾಣಪತ್ರವು ದಿನಾಂಕವನ್ನು ಆಧರಿಸಿರುವುದರಿಂದ ಸಂಪರ್ಕವೇ ಆಗುವುದಿಲ್ಲ, ಬೇರೆಲ್ಲ ಸರಿಯಾಗಿರುವಂತೆ ಕಾಣುತ್ತದೆ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೂ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲೂ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದೆ. ಹಣದ ಕೆಲಸಕ್ಕೆ ಅಂಥ ಕಂಪ್ಯೂಟರನ್ನು ಮುಂದುವರಿಸುವುದು ಸರಿಯಲ್ಲ.

ಮಷಿನಿನ ದೈಹಿಕ ಸ್ಥಿತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಣ್ಣೆಗೈಯಿಂದ ಹಿಡಿದ ಮಷಿನಿನ ಚಿಪ್ ಕಿಂಡಿಯಲ್ಲಿ ಜಿಡ್ಡು ಕೂಡಿ ಕಾರ್ಡ್ ಓದದೆ ಇರಬಹುದು, ಅದಕ್ಕೆಂದೇ ಸಿಗುವ ಕ್ಲೀನಿಂಗ್ ಕಾರ್ಡಿನಿಂದ ಒರೆಸಬಹುದು. ಸ್ಕ್ರೂ ಬಿಚ್ಚಿ ನೋಡುವ ಪ್ರಯತ್ನ ಮಾತ್ರ ಬೇಡ. ತೆರೆದ ಕ್ಷಣವೇ ಒಳಗಿನ ರಹಸ್ಯ ಕೀಲಿಗಳು ಅಳಿಸಿಹೋಗುವಂತೆ ಅದನ್ನು ನಿರ್ಮಿಸಿರುತ್ತಾರೆ, ಆಮೇಲೆ ಅದನ್ನು ಬ್ಯಾಂಕಿಗೇ ಹಿಂದಿರುಗಿಸಬೇಕಾಗುತ್ತದೆ.

ಈಗ ಹಣ ಎರಡು ಸಲ ಹೋಗಿರುವುದು ಖಚಿತವಾದಾಗ ಏನು ಮಾಡಬೇಕೆಂಬುದು. ಅದೇ ದಿನ, ಮಷಿನಿನ ಬ್ಯಾಚ್ (ಒಟ್ಟಿಗೆ ಬ್ಯಾಂಕಿಗೆ ಹೋಗುವ ಆ ದಿನದ ವ್ಯವಹಾರಗಳ ಕಟ್ಟು) ಮುಗಿಯುವುದಕ್ಕೆ ಮೊದಲು ಗೊತ್ತಾದರೆ ಎರಡನೆಯ ವ್ಯವಹಾರವನ್ನು ವಾಯ್ಡ್ ಮಾಡಿ, ಎಂದರೆ ಮಷಿನಿನಲ್ಲೇ ರದ್ದು ಮಾಡಿ. ಆ ಮೊತ್ತ ಸೆಟಲ್‌ಮೆಂಟಿಗೆ, ಎಂದರೆ ನಿಮ್ಮ ಖಾತೆಗೆ ಜಮೆಯಾಗುವ ಲೆಕ್ಕಕ್ಕೆ, ಹೋಗುವುದೇ ಇಲ್ಲ. ಬ್ಯಾಚ್ ಮುಗಿದ ಮೇಲೆ ವಾಯ್ಡ್ ಆಗದು, ರಿಫಂಡ್ ಮಾಡಬೇಕು. ಅದು ಗ್ರಾಹಕರ ಖಾತೆ ಸೇರಲು ಕೆಲವು ದಿನಗಳು ಬೇಕು. ಕಾರ್ಡಿನಲ್ಲಿ ಬಂದ ಹಣವನ್ನು ನಗದಾಗಿ ಹಿಂದಿರುಗಿಸಬೇಡಿ. ನಗದು ಕೊಟ್ಟ ಮೇಲೆ ಬ್ಯಾಂಕಿನಿಂದಲೂ ರಿವರ್ಸಲ್ ಆದರೆ ನಷ್ಟ ನಿಮ್ಮದಾಗುತ್ತದೆ. ಸ್ಲಿಪ್ ಬಾರದೆ ಹಣ ಕಟ್ ಆದ ಪ್ರಕರಣಕ್ಕೆ ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆ ಅನ್ವಯಿಸುತ್ತದೆ. ವ್ಯವಹಾರದ ದಿನದ ನಂತರ 5 ದಿನಗಳೊಳಗೆ ಹಣ ತಾನಾಗಿ ಗ್ರಾಹಕರ ಖಾತೆಗೆ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರವನ್ನೂ ಕೊಡಬೇಕು. ವರ್ತಕರಿಗೆ ದೃಢೀಕರಣ ಬಾರದ ಯುಪಿಐ ಪಾವತಿಗೂ ಇದೇ ಅವಧಿ ಇದೆ. ಈ ನಿಯಮವನ್ನು ಕನ್ನಡದಲ್ಲಿ ಮುದ್ರಿಸಿ ಕೌಂಟರಿನಲ್ಲಿ ಅಂಟಿಸಿ. ‘ನಿಮ್ಮ ಹಣ ಎಲ್ಲೂ ಹೋಗುವುದಿಲ್ಲ’ ಎಂದು ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ಅದು ಸಿಟ್ಟಾದವರಿಗೆ ಹೆಚ್ಚು ಸಮಾಧಾನ ಕೊಡುತ್ತದೆ.

ಲೆಕ್ಕ ಹೊಂದದಿರುವುದು ಬೇರೆಯದೇ ವಿಷಯ, ಅದರಲ್ಲಿ ಕ್ಯಾಷಿಯರ್ ಪಾತ್ರ ಇಲ್ಲದಿರುವ ಸಂಭವವೇ ಹೆಚ್ಚು. ಬ್ಯಾಂಕು ಕಾರ್ಡ್ ಮೊತ್ತವನ್ನು ಪೂರ್ತಿ ಜಮೆ ಮಾಡುವುದಿಲ್ಲ. ಕಾರ್ಡ್ ಪಾವತಿಗಾಗಿ ವರ್ತಕರಿಂದ ಪಡೆಯುವ ಎಂಡಿಆರ್ ಎಂಬ ಶುಲ್ಕವನ್ನೂ, ಪಾವತಿ 2,000 ರೂಪಾಯಿ ಮೀರಿದ್ದರೆ ಅದರ ಮೇಲೆ 18 ಶೇಕಡಾ ಜಿಎಸ್‌ಟಿಯನ್ನೂ ಕಳೆದು ಉಳಿದದ್ದನ್ನು ಕೊಡುತ್ತದೆ. ನಿಮ್ಮ ಒಪ್ಪಂದದಲ್ಲಿ ಕ್ರೆಡಿಟ್ ಕಾರ್ಡಿಗೆ 2 ಶೇಕಡಾ ಎಂದಿದ್ದರೆ, 10,000 ರೂಪಾಯಿಯ ಒಂದು ಬಿಲ್ಲಿಗೆ 200 ರೂಪಾಯಿ ಶುಲ್ಕ, 36 ರೂಪಾಯಿ ತೆರಿಗೆ ಹೋಗಿ 9,764 ರೂಪಾಯಿ ಬರುತ್ತದೆ. ಡೆಬಿಟ್ ಕಾರ್ಡಿಗೆ ರಿಸರ್ವ್ ಬ್ಯಾಂಕ್ 2018ರಿಂದ ಮಿತಿ ಹಾಕಿದೆ: ವರ್ಷಕ್ಕೆ 20 ಲಕ್ಷಕ್ಕಿಂತ ಹೆಚ್ಚು ವಹಿವಾಟಿರುವ ವರ್ತಕರಿಗೆ ಮಷಿನಿನ ಮೇಲಿನ ವ್ಯವಹಾರದಲ್ಲಿ 0.90 ಶೇಕಡಾ ಮೀರುವಂತಿಲ್ಲ. ರುಪೇ ಡೆಬಿಟ್ ಕಾರ್ಡಿಗೆ 2020ರ ಜನವರಿಯಿಂದ ಈ ಶುಲ್ಕವೇ ಇಲ್ಲ. ಹೀಗೆ ಮೂರು ಬಗೆಯ ಕಾರ್ಡುಗಳಿಗೆ ಮೂರು ದರವಿರುವಾಗ ಒಟ್ಟು ಮೊತ್ತವನ್ನು ಒಟ್ಟು ಜಮೆಯೊಂದಿಗೆ ಹೋಲಿಸಿದರೆ ಎಂದಿಗೂ ಹೊಂದುವುದಿಲ್ಲ. ಜೊತೆಗೆ ಬ್ಯಾಚಿನ ಸಮಯವನ್ನು ನೋಡಿ. ಮಷಿನು ರಾತ್ರಿ 11ಕ್ಕೆ ತಾನಾಗಿ ಸೆಟಲ್ ಮಾಡಿಕೊಂಡು, ನೀವು ಬಿಲ್ಲಿಂಗ್ ದಿನವನ್ನು 12.30ಕ್ಕೆ ಮುಗಿಸಿದರೆ, ಆ ಒಂದೂವರೆ ಗಂಟೆಯ ವ್ಯಾಪಾರ ಒಂದು ಕಡೆ ಇವತ್ತಿನದು, ಇನ್ನೊಂದು ಕಡೆ ನಾಳೆಯದು. ಶನಿವಾರ, ಭಾನುವಾರಗಳಲ್ಲಿ ತಡರಾತ್ರಿಯ ವ್ಯಾಪಾರ ಹೆಚ್ಚಿರುವುದರಿಂದ ವ್ಯತ್ಯಾಸವೂ ಆಗಲೇ ದೊಡ್ಡದಾಗಿ ಕಾಣುತ್ತದೆ. ಎರಡರ ಸಮಯವನ್ನೂ ಒಂದೇ ಮಾಡಿಸಿ, ಒಟ್ಟು ಮೊತ್ತವನ್ನು ಬಿಟ್ಟು ಸ್ಲಿಪ್ಪಿನ ಮೇಲಿರುವ 12 ಅಂಕಿಯ ಆರ್‌ಆರ್‌ಎನ್ ಸಂಖ್ಯೆ (ಪ್ರತಿ ವ್ಯವಹಾರದ ಗುರುತು) ಹಿಡಿದು ಒಂದೊಂದು ವ್ಯವಹಾರವನ್ನು ಬ್ಯಾಂಕಿನ ವರದಿಯೊಂದಿಗೆ ತಾಳೆ ನೋಡಿ. ಇಷ್ಟನ್ನು ಮಾಡದೆ ಕ್ಯಾಷಿಯರ್ ಸಂಬಳದಿಂದ ಒಂದು ರೂಪಾಯಿಯನ್ನೂ ಹಿಡಿಯಬೇಡಿ. ಬ್ಯಾಂಕಿನ ಶುಲ್ಕವನ್ನು, ರೂಟರಿನ ದೋಷವನ್ನು ತಿಂಗಳ ಸಂಬಳ ನೆಚ್ಚಿಕೊಂಡವರ ತಲೆಗೆ ಕಟ್ಟುವುದು ಅನ್ಯಾಯ. ಆ ಶುಲ್ಕವನ್ನು ಗ್ರಾಹಕರ ಬಿಲ್ಲಿಗೆ 2 ಶೇಕಡಾ ಎಂದು ಸೇರಿಸುವ ಪದ್ಧತಿಯೂ ಬೇಡ, ಸಾಮಾನ್ಯವಾಗಿ ಬ್ಯಾಂಕಿನೊಂದಿಗಿನ ಒಪ್ಪಂದವೇ ಅದಕ್ಕೆ ಅವಕಾಶ ಕೊಡುವುದಿಲ್ಲ.

ಸ್ಲಿಪ್ಪುಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಅವು ಶಾಖಕ್ಕೆ ಕಪ್ಪಾಗುವ ಕಾಗದದ ಮೇಲೆ ಮುದ್ರಿತವಾಗುವುದರಿಂದ ಅಡುಗೆಮನೆಯ ಬಿಸಿಗೆ, ಬಿಸಿಲಿಗೆ ಬೇಗ ಓದಲಾಗದಂತಾಗುತ್ತವೆ. ತಿಂಗಳುಗಳ ನಂತರ ಗ್ರಾಹಕರೊಬ್ಬರು ‘ಈ ಪಾವತಿ ನಾನು ಮಾಡಿಲ್ಲ’ ಎಂದು ತಮ್ಮ ಬ್ಯಾಂಕಿಗೆ ತಕರಾರು ಕೊಟ್ಟರೆ ನಿಮ್ಮಿಂದ ಪುರಾವೆ ಕೇಳುತ್ತಾರೆ, ಅದು ಇಲ್ಲದಿದ್ದರೆ ಹಣ ನಿಮ್ಮ ಖಾತೆಯಿಂದ ವಾಪಸಾಗುತ್ತದೆ. ದಿನದ ಕೊನೆಗೆ ಸ್ಲಿಪ್ಪನ್ನೂ ಬಿಲ್ಲನ್ನೂ ಒಟ್ಟಿಗೆ ಸ್ಕ್ಯಾನ್ ಮಾಡಿ ಇಡಿ. ಕಾರ್ಡಿನ ಫೋಟೋ ತೆಗೆಯುವುದು, ಅದರ ಹಿಂದಿನ ಮೂರಂಕಿಯ ಸಿವಿವಿ ಬರೆದಿಡುವುದು, ಪಿನ್ ಕೇಳಿ ಸಪ್ಲೈಯರೇ ಒತ್ತುವುದು ಇವು ಯಾವ ಕಾರಣಕ್ಕೂ ಕೂಡದು.

ಬ್ಯಾಂಕಿಗೆ ದೂರು ಕೊಡುವಾಗ ‘ಮಷಿನ್ ಸರಿಯಿಲ್ಲ’ ಎಂದಷ್ಟೇ ಬರೆದರೆ ‘ಮತ್ತೆ ಆನ್ ಮಾಡಿ ನೋಡಿ’ ಎಂಬ ಉತ್ತರ ಬರುತ್ತದೆ. ವರ್ತಕ ಸಂಖ್ಯೆ, ಮಷಿನಿನ ಟಿಐಡಿ (ಅದರ ಗುರುತಿನ ಸಂಖ್ಯೆ), ದಿನಾಂಕ, ಸಮಯ, ಮೊತ್ತ, ಕಾರ್ಡಿನ ಕೊನೆಯ ನಾಲ್ಕು ಅಂಕಿ, ಇದ್ದರೆ ಆರ್‌ಆರ್‌ಎನ್, ಪರದೆಯ ಸಂದೇಶ ಇವಿಷ್ಟನ್ನೂ ನೋಟ್‌ಬುಕ್ಕಿನಿಂದ ತೆಗೆದು ಒಂದು ಪಟ್ಟಿಯಾಗಿ ಇಮೇಲ್ ಮಾಡಿ, ದೂರಿನ ಸಂಖ್ಯೆ ಪಡೆಯಿರಿ. ‘ಈ ವ್ಯವಹಾರದ ಕೋರಿಕೆ ನಿಮ್ಮ ಸರ್ವರಿಗೆ ಬಂದಿತ್ತೇ, ಬಂದಿದ್ದರೆ ಎಷ್ಟು ಹೊತ್ತಿಗೆ ಉತ್ತರ ಹೊರಟಿತು, ರಿವರ್ಸಲ್ ಬಂದಿದೆಯೇ’ ಎಂಬ ಮೂರು ಪ್ರಶ್ನೆಗಳನ್ನು ಕೇಳಿ. ಮೊದಲನೆಯದಕ್ಕೆ ಇಲ್ಲ ಎಂಬ ಉತ್ತರ ಬಂದರೆ ನಿಮ್ಮ ಇಂಟರ್ನೆಟ್‌ನವರ ಮುಂದೆ ಅದನ್ನು ಇಡಿ. ಕೋರಿಕೆ ಬಂದು, ಉತ್ತರ ತಡವಾಗಿ ಹೊರಟಿದ್ದರೆ ಬ್ಯಾಂಕಿನವರೇ ಹೊಣೆ. ಉತ್ತರ ಸಕಾಲದಲ್ಲಿ ಹೊರಟು ಮಷಿನಿನಲ್ಲಿ ಸ್ಲಿಪ್ಪೂ ಬಂದಿದ್ದರೆ ಆ ಇಮೇಲನ್ನು ಸಾಫ್ಟ್‌ವೇರ್‌ನವರಿಗೆ ಕಳುಹಿಸಿ. 30 ದಿನಗಳೊಳಗೆ ಬ್ಯಾಂಕು ಉತ್ತರಿಸದಿದ್ದರೆ ಅಥವಾ ಉತ್ತರ ಸಮರ್ಪಕವಾಗಿಲ್ಲದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲಿ ದೂರು ಸಲ್ಲಿಸಬಹುದು, ಅದಕ್ಕೆ ಶುಲ್ಕವಿಲ್ಲ. ಬ್ಯಾಂಕಿಗೆ ನೀವು ಕಳುಹಿಸಿದ ಇಮೇಲೂ ದೂರಿನ ಸಂಖ್ಯೆಯೂ ಅಲ್ಲಿ ಬೇಕಾಗುತ್ತವೆ.